ಬೇಲಿ ಅದೇ, ಜಾಗ ಎಲ್ಲಿ?

ಒಂದು ಗೇಣು ತಂತಿಯನ್ನೂ ಹೊಸದಾಗಿ ತರದೆ ನಮ್ಮ ನಾಯಿಗೆ ಅರಮನೆ ಕಟ್ಟಿಕೊಡುತ್ತೇನೆಂದು ಆ ಭಾನುವಾರ ಬೆಳಿಗ್ಗೆ ಘೋಷಿಸಿಯೇಬಿಟ್ಟೆ!

ಇದಕ್ಕೆಲ್ಲ ಕಾರಣ ನಮ್ಮತ್ತೆ. ನಾಯಿಯೆಂದರೆ ಅವರಿಗೆ ಜೀವಭಯ. "ಅದನ್ನ ಸರಿಯಾಗಿ ಕೂಡಿಹಾಕಿದ್ರೆ ಬರ್ತೀನಿ, ಇಲ್ಲಾಂದ್ರೆ ಗೇಟಿಂದಲೇ ವಾಪಸ್!" ಎಂದು ಫೋನಿನಲ್ಲಿ ಹೇಳಿದ್ದರು. ಅಮ್ಮನ ಮುಖ ನೋಡಿ ಎಷ್ಟೋ ಕಾಲವಾಗಿದ್ದ ನನ್ನ ಹೆಂಡತಿಗೆ ಕಾಲು ನೆಲದ ಮೇಲೆ ನಿಲ್ಲುತ್ತಿರಲಿಲ್ಲ.

ನಮ್ಮ ಡುಮ್ಮನೋ, ಒಳ್ಳೆ ಕರುವಿನಷ್ಟಿದ್ದಾನೆ. ಮನೆಮುಂದಿನ ಅಂಗಳದಲ್ಲಿ ಅವನಿಗೆಂದು ಎಂಟಡಿ ಉದ್ದ, ಎಂಟಡಿ ಅಗಲದ ತಂತಿಬೇಲಿ ಇತ್ತು.

"ಅದರಲ್ಲಿ ಅವನಿಗೆ ಓಡಾಡೋಕಾಗಲ್ಲ, ದಿನವಿಡೀ ಬೊಗಳ್ತಾನೆ. ಇನ್ನಷ್ಟು ತಂತಿ ತಂದು ದೊಡ್ಡದು ಮಾಡ್ರೀ," ಅಂದಳು ಹೆಂಡತಿ.

"ತಂತಿ ಯಾಕೆ? ಇಲ್ಲಿ ತಲೆ ಇದೆ!"

ಗೂಟಗಳನ್ನು ಕಿತ್ತೆ. ಬೇಲಿಯನ್ನು ಉದ್ದಕ್ಕೆ ಎಳೆದೆ. ಹತ್ತಡಿ! ಹನ್ನೆರಡಡಿ! ಆವೇಶ ಬಂದವನಂತೆ ಹದಿನಾಲ್ಕು ಅಡಿಗೆ ತಂದು ನಿಲ್ಲಿಸಿ, ತುದಿಯಲ್ಲಿ ಬಾಗಿಲು ಕೂರಿಸಿದೆ.

"ರೀ, ಅಗಲ ಎಲ್ಲಿ ಹೋಯ್ತು? ಎರಡೇ ಅಡಿ ಉಳಿದಿದೆ!"

"ಬೇಲಿ ಆಗಲೂ ಮೂವತ್ತೆರಡಡಿ, ಈಗಲೂ ಮೂವತ್ತೆರಡಡಿ. ಸುತ್ತಳತೆ ಅಷ್ಟೇ ಇದ್ಮೇಲೆ ಒಳಗಿನ ಜಾಗ ಎಲ್ಲಿಗೆ ಹೋಗುತ್ತೆ? ಓಡಿಹೋಗೋಕೆ ಅದಕ್ಕೇನು ಕಾಲಿದೆಯಾ?"

ಡುಮ್ಮನನ್ನು ಒಳಗೆ ಬಿಟ್ಟೆ. ಬಾಣದಂತೆ ಓಡಿ ಆ ತುದಿ ಮುಟ್ಟಿದ. ಅಷ್ಟೇ! ತಿರುಗಲು ನೋಡಿದ, ಮೂತಿ ಒಂದು ಬದಿಗೆ ತಗುಲಿತು, ಸೊಂಟ ಇನ್ನೊಂದು ಬದಿಗೆ. ಹಿಂದಕ್ಕೆ ಸರಿಯಬಹುದೆಂದು ಅವನಿಗೆ ಹೊಳೆಯಲೇ ಇಲ್ಲ. ಊರೆಲ್ಲ ಕೇಳುವಂತೆ ಊಳಿಡತೊಡಗಿದ.

"ಅಯ್ಯೋ, ಅಮ್ಮ ಬರೋ ಹೊತ್ತಾಯ್ತು! ಏನಾದ್ರೂ ಮಾಡ್ರೀ!" ಹೆಂಡತಿಯ ಕಣ್ಣಲ್ಲಿ ನೀರು.

ನಾನು ಹೊಟ್ಟೆಯನ್ನು ಒಳಕ್ಕೆಳೆದುಕೊಂಡು ಬೇಲಿಯೊಳಗೆ ನುಗ್ಗಿದೆ, ಡುಮ್ಮನ ಸೊಂಟ ಹಿಡಿದು ಎಳೆದೆ. ಸರಿಯಾಗಿ ಆಗಲೇ ಹೊರಗೆ ಕಾರಿನ ಹಾರ್ನ್ ಕೇಳಿಸಬೇಕೇ! ಬೆಚ್ಚಿಬಿದ್ದ ಡುಮ್ಮ ರಿವರ್ಸ್ ಗೇರಿನಲ್ಲಿ ಬಂದವನೇ ನನ್ನ ಕಾಲುಗಳ ನಡುವೆ ತೂರಿ, ನನ್ನನ್ನು ಉರುಳಿಸಿ, ಬಾಗಿಲಾಚೆ ಪರಾರಿ! ನಾನು ಅಂಗಾತ ಬಿದ್ದು ಎರಡೂ ಬದಿಯ ತಂತಿಗಳ ನಡುವೆ ಸಿಕ್ಕಿಕೊಂಡೆ. ಅಲುಗಾಡಲಾಗದೆ ಮಲಗಿದ್ದಾಗ ಲೆಕ್ಕ ತಾನಾಗಿ ತಲೆಗೆ ಹತ್ತಿತು: ಎಂಟೆಂಟ್ಲ ಅರವತ್ನಾಲ್ಕು ಚದರಡಿ ಇತ್ತು. ಹದಿನಾಲ್ಕೆರಡ್ಲ? ಬರೀ ಇಪ್ಪತ್ತೆಂಟು!

"ಅಮ್ಮಾ, ಹೆದರ್ಬೇಡ, ಓಡ್ಬೇಡ!" ಹೆಂಡತಿ ಕೂಗಿಕೊಂಡಳು.

ಆದರೆ ಅಷ್ಟರಲ್ಲಿ ಡುಮ್ಮ ಅತ್ತೆಯ ಕಾಲ ಬಳಿ ದೊಪ್ಪೆಂದು ಬಿದ್ದುಕೊಂಡು, ಕುಂಯ್‌ಗುಡುತ್ತಾ ನನ್ನ ಮೇಲೆ ದೂರು ಹೇಳುತ್ತಿದ್ದ. ಅತ್ತೆ ಅವನನ್ನು ನೋಡಿದರು. ಆಮೇಲೆ ಬೇಲಿಯೊಳಗೆ ಆಕಾಶಕ್ಕೆ ಚಾಚಿದ್ದ ನನ್ನ ಕಾಲುಗಳನ್ನು ನೋಡಿದರು. ಮೆಲ್ಲಗೆ ಬಗ್ಗಿ ಡುಮ್ಮನ ತಲೆ ಸವರಿದರು.

"ಪಾಪ, ಇದು ಹೊರಗೇ ಇರಲಿ ಕಣೇ, ನಾನು ತಿಂಗಳು ಪೂರ್ತಿ ಇಲ್ಲೇ ಇರ್ತೀನಿ," ಅಂದರು. "ಅಳಿಯಂದ್ರನ್ನ ಮಾತ್ರ ಹಾಗೇ ಕೂಡಿಹಾಕಿರು!"