ಯಾಕೆಂದ್ರೆ, ಆದ್ದರಿಂದ

ಮುದ್ರಣಾಲಯದಲ್ಲಿ ಕರಡು ತಿದ್ದುವ ಆ ಮಹಾಶಯರಿಗೆ ಅಂಗಡಿ ಬೋರ್ಡಿನಲ್ಲಿ ಒಂದು ಕಾಗುಣಿತ ತಪ್ಪು ಕಂಡರೂ ಅಂದು ಊಟ ಸೇರುತ್ತಿರಲಿಲ್ಲ. ಅಂಥವರ ಮಗಳು, ಐದು ತುಂಬುತ್ತಾ ಬಂದರೂ ಪುಸ್ತಕವನ್ನು ತಲೆಕೆಳಗಾಗಿ ಹಿಡಿಯುವುದೆಂದರೆ! “ಒಂದೇ ತಿಂಗಳಲ್ಲಿ ಓದಿಸಿಬಿಡ್ತೀನಿ, ನೋಡ್ತಿರು,” ಎಂದು ಹೆಂಡತಿಯೆದುರು ತೊಡೆ ತಟ್ಟಿದರು.

ತಲಕಟ್ಟು ಕಲಿಸಲು ಹೋಗಿ ಮೊದಲ ದಿನವೇ ತಲೆ ಕೆಟ್ಟಿತು. ‘ಕ’ ಅಕ್ಷರದ ಸ್ವರೂಪ, ಸ್ಥಾನ, ಮಹತ್ವ ಕುರಿತ ಮುಕ್ಕಾಲು ಗಂಟೆಯ ಉಪನ್ಯಾಸ ಮುಗಿಯುವಷ್ಟರಲ್ಲಿ ವಿದ್ಯಾರ್ಥಿನಿ ಗುರುಗಳ ಮಡಿಲಲ್ಲೇ ಗೊರಕೆ ಹೊಡೆಯುತ್ತಿದ್ದಳು.

ಹೆಂಡತಿ ಹಲ್ಲಿನ ಡಾಕ್ಟರ ಬಳಿ ಸಹಾಯಕಿ. (ಹಟ ಹಿಡಿದ ಮಕ್ಕಳ ಬಾಯಿ ಬಿಡಿಸುವುದರಲ್ಲಿ ಎತ್ತಿದ ಕೈ.)

“ಭಾಷಣ ಬಿಡ್ರೀ. ಕತೆ ಓದಿ ಹೇಳಿ. ಓದೋ ಸಾಲಿನ ಕೆಳಗೆ ಬೆರಳಿಡಿ. ಮಧ್ಯೆ ನಿಲ್ಲಿಸಿ ‘ಮುಂದೇನಾಗುತ್ತೆ? ಯಾಕೆ?’ ಅಂತ ಕೇಳಿ. ಅಷ್ಟೇ.”

“ಅಕ್ಷರದಲ್ಲೇ ಅನ್ನ ತಿನ್ನೋನಿಗೆ ನೀನು ಪಾಠ ಹೇಳ್ತೀಯಾ?”

ಮೂಗು ಮುರಿದರು, ಆದರೆ ಅವಳು ಮನೆಯಲ್ಲಿಲ್ಲದಾಗ ಹಾಗೆಯೇ ಮಾಡಿದರು. ಫಲಿಸಿತು! ಮಗಳು ಅಕ್ಷರ ಕೂಡಿಸಿ ಓದತೊಡಗಿದಳು. ಗುರುಗಳ ಗ್ರಾಂಥಿಕ ‘ಆದ್ದರಿಂದ’ ಸಮೇತ ಎಲ್ಲದಕ್ಕೂ ಕಾರಣ ಕೊಡತೊಡಗಿದಳು. “ಬಕೆಟ್‌ನಲ್ಲಿ ನೀರಿಲ್ಲ, ಯಾಕೆಂದ್ರೆ ಬೆಕ್ಕು ಒದ್ದೆಯಾಗಿದೆ. ಆದ್ದರಿಂದ ನಂಗೆ ಸ್ನಾನ ಬೇಡ.”

“ಎಲ್ಲ ನನ್ನ ವಿಧಾನ!” ಎಂದು ಮಹಾಶಯರು ಬೀದಿಯೆಲ್ಲ ಡಂಗುರ ಸಾರಿದರು.

ಇಂಥ ಪ್ರತಿಭೆಯನ್ನು ಬಿಟ್ಟು ಕೆಲಸಕ್ಕೆ ಹೋಗುವುದುಂಟೆ? ಮಗಳಿಗೆ ಶಾಲೆಯಿಲ್ಲದ ಒಂದು ಸೋಮವಾರ ‘ಜ್ವರ’ ಎಂದು ಚೀಟಿ ಕಳಿಸಿ ಮನೆಯಲ್ಲೇ ಉಳಿದರು. ಗುರು-ಶಿಷ್ಯೆ ಐಸ್‌ಕ್ರೀಮ್ ಸವಿಯುತ್ತಿದ್ದಾಗ ಯಾರೋ ಬಾಗಿಲು ತಟ್ಟಿದರು. ಕಿಟಕಿಯಲ್ಲಿ ಇಣುಕಿದರೆ ಮುದ್ರಣಾಲಯದ ಮಾಲೀಕರು! ಮಹಾಶಯರು ಒಂದೇ ನೆಗೆತಕ್ಕೆ ಹಾಸಿಗೆ ಸೇರಿ ಗಂಟಲವರೆಗೆ ಕಂಬಳಿ ಎಳೆದುಕೊಂಡರು. ಬಾಗಿಲು ತೆಗೆದವಳು ಮಗಳು.

“ಏನಪ್ಪಾ, ಹೇಗಿದ್ದೀಯಾ? ಇದೇ ದಾರೀಲಿ ಹೊರಟಿದ್ದೆ, ನೋಡ್ಕೊಂಡು ಹೋಗೋಣ ಅಂತ ಬಂದೆ,” ಎಂದು ಮಾಲೀಕರು ಜೇಬಿನಿಂದ ಚೀಟಿ ತೆಗೆದರು.

ಮಗಳು ಅದರ ಮೇಲೆ ಬೆರಳಿಟ್ಟಳು. “ಜ್ವ... ರ. ಜ್ವರ!”

ಒತ್ತಕ್ಷರ! ತಡವರಿಸದೆ! ಅಪ್ಪನ ಎದೆ ಉಬ್ಬಿದ ರಭಸಕ್ಕೆ ಕಂಬಳಿ ಜಾರಿತು.

“ಭೇಷ್! ಯಾರಿಗಮ್ಮಾ ಜ್ವರ?”

ಮಗಳು ಹುಬ್ಬು ಗಂಟಿಕ್ಕಿ ಯೋಚಿಸಿದಳು. “ಯಾರಿಗೂ ಇಲ್ಲ. ಯಾಕೆಂದ್ರೆ ಜ್ವರ ಬಂದೋರು ಐಸ್‌ಕ್ರೀಮ್ ತಿನ್ನಬಾರ್ದು. ಅಪ್ಪ ಎರಡು ತಿಂದ್ರು. ಮೀಸೆ ನೋಡಿ, ಬೆಳ್ಳಗಾಗಿದೆ. ಆದ್ದರಿಂದ...”

ಅಪ್ಪ ಜೋರಾಗಿ ಕೆಮ್ಮಿದರು.

“ಆದ್ದರಿಂದ ಈಗ ಕೆಮ್ಮು ಬಂತು.”

ಮಾಲೀಕರು ನಗು ತಡೆಯಲಾರದೆ ಹಾಸಿಗೆಯ ತುದಿಯಲ್ಲೇ ಕುಸಿದು ಕುಳಿತರು.

“ಮಕ್ಕಳ ಪುಸ್ತಕ ಒಂದು ಅಚ್ಚಿಗೆ ಬಂದಿದೆ ಕಣಯ್ಯ. ನಾಳೆ ಇವಳನ್ನ ಕರ್ಕೊಂಡು ಬಾ. ಕರಡು ಇವಳು ನೋಡ್ಲಿ. ನೀನು ಪಕ್ಕದಲ್ಲಿ ಕೂತು ಪೆನ್ಸಿಲ್ ಚೂಪು ಮಾಡ್ಕೊಡು.”