ಕೇಶಬಹಾರ ತೈಲದ ಸಾಕ್ಷಿ

ಚಂದಪ್ಪನಿಗೆ ದೇವರು ಕೊಟ್ಟ ಆಸ್ತಿಯೆಂದರೆ ತಲೆಗೂದಲು ಒಂದೇ. ಹೊಲ ಅಣ್ಣಂದಿರ ಪಾಲಾಗಿತ್ತು. ಆಳಂದದ ಬೇಳೆ ಗಿರಣಿಯಲ್ಲಿ ಚೀಲ ತೂಗುವ ಅವನ ಕೆಲಸವನ್ನು ಆಸ್ತಿಯೆಂದು ಯಾರೂ ಕರೆಯುತ್ತಿರಲಿಲ್ಲ. ಕೂದಲು ಮಾತ್ರ ಕರ್ರಗೆ, ದಟ್ಟವಾಗಿ, ಹಣೆಯ ಮೇಲೊಂದು ಸುರುಳಿ ಇಳಿಬಿಟ್ಟುಕೊಂಡು ಮೆರೆಯುತ್ತಿತ್ತು. ಮೂವತ್ತು ದಾಟಿದರೂ ಹೆಣ್ಣು ಸಿಗದಿದ್ದ ಅವನಿಗೆ ಈಗ ಅಫಜಲಪುರದ ಸಂಬಂಧವೊಂದು ಬಂದಿದ್ದೂ ಆ ಕೂದಲಿನಿಂದಲೇ.

"ಹುಡುಗಿ ಬ್ಯಾರೆ ಏನೂ ಕೇಳಿಲ್ಲ ನಿಂಬೆವ್ವ," ಎಂದು ಸಂಬಂಧ ತಂದ ಪಕ್ಕದ ಮನೆಯ ಹೀರಾಬಾಯಿ ಚಂದಪ್ಪನ ತಾಯಿಗೆ ಹೇಳಿದ್ದಳು. "ಮನ್ಯಾಗ ಅಪ್ಪಂದೊಂದು ಬೋಳು ತೆಲಿ ಸಾಕು, ಗಂಡಗಾದ್ರೂ ಕೂದ್ಲ ಇರ್ಲಿ ಅಂದಾಳ."

ಹುಡುಗಿಯ ಅಪ್ಪ ಮಧ್ಯಾಹ್ನ ಮನೆ ನೋಡಲು ಬರುವವನಿದ್ದ. ಚಂದಪ್ಪ ಬೆಳಗ್ಗೆಯೇ ಬಸ್‌ಸ್ಟ್ಯಾಂಡಿನ ಹತ್ತಿರ ಬುರಾನುದ್ದೀನನ ಕಟಿಂಗ್ ಅಂಗಡಿಗೆ ಹೋಗಿ ದಾಡಿಗೆ ಕೂತ. ಮುಖದ ತುಂಬ ಸಾಬೂನಿನ ನೊರೆ ಹಚ್ಚಿದ ಮೇಲೆ ಬುರಾನುದ್ದೀನ ಅವನ ಕಿವಿಯ ಹತ್ತಿರ ಬಗ್ಗಿದ. ಹಿಂದಿನ ಬೆಂಚಿನಲ್ಲಿ ಬೋಳುತಲೆಯ ಹಿರಿಯನೊಬ್ಬ ರುಮಾಲನ್ನು ತೊಡೆಯ ಮೇಲಿಟ್ಟುಕೊಂಡು, ಕೇಶಬಹಾರ ತೈಲದ ಬಾಟಲಿಯನ್ನು ಬೆಳಕಿಗೆ ಹಿಡಿದು ನೋಡುತ್ತಿದ್ದ. ಗರಗದ ಸೊಪ್ಪು ಕುದಿಸಿ ಬುರಾನುದ್ದೀನನೇ ಮಾಡಿದ ತೈಲ ಅದು. ಬಹಳ ದಿನಗಳಿಂದ ಕಪಾಟಿನಲ್ಲಿ ಧೂಳು ತಿನ್ನುತ್ತಿತ್ತು.

"ಗಿರಾಕಿ ಅರ್ಧ ನಂಬ್ಯಾನ. ನೀ ಒಂದು ಮಾತು ಹೇಳು. ಇವತ್ತಿನ ದಾಡಿ, ತೆಲಿ ಮಾಲೀಸು ಎರಡೂ ಫುಕಟ್, ರೊಕ್ಕ ಬ್ಯಾಡ," ಎಂದು ಬುರಾನುದ್ದೀನ ಪಿಸುಗುಟ್ಟಿದ.

ಒಂದೇ ಮಾತು ಹೇಳಿ ಸುಮ್ಮನಾಗಿದ್ದರೆ ಈ ಕತೆ ಇರುತ್ತಿರಲಿಲ್ಲ. ಆದರೆ ಕೂದಲಿನ ವಿಷಯ ಬಂದರೆ ಚಂದಪ್ಪನ ನಾಲಿಗೆಗೆ ಲಗಾಮು ಇರುತ್ತಿರಲಿಲ್ಲ.

"ಯಜಮಾನ್ರ, ನನ್ನ ತೆಲಿ ನಿಮ್ಮದಕ್ಕಿಂತ ಬೋಳ ಇತ್ರಿ," ಎಂದು ನೊರೆಯೊಳಗಿಂದಲೇ ಶುರುಮಾಡಿದ. "ಬಿಸಲಾಗ ಹೋದ್ರ ಎದುರು ಬಂದವ್ರು ಕಣ್ಣು ಮುಚ್ಕೊತಿದ್ರು. ನರೋಣಾ ಊರಿನ ಹುಡುಗ್ರು ಟಕಲಾ ಅಂತ ಬೆನ್ನು ಹತ್ತಿದ್ರು. ಈ ಎಣ್ಣಿ ಹಚ್ಚಿದೆ ನೋಡ್ರಿ, ಮಳಿ ಬಿದ್ದ ಮ್ಯಾಲೆ ತೊಗರಿ ಮೊಳತಂಗ ಕೂದ್ಲ ಮೊಳತುಬಿಟ್ವು!"

ಹಿರಿಯ ಎದ್ದು ಬಂದು ಅವನ ಕೂದಲು ಹಿಡಿದು ಜಗ್ಗಿದ. ಕಣ್ಣಲ್ಲಿ ನೀರು ಬರುವಷ್ಟು ಜಗ್ಗಿದ. "ಖರೇವ ಅದಾವ," ಎಂದು ತೃಪ್ತನಾಗಿ ಕಪಾಟಿನ ಬಾಟಲಿಗಳನ್ನೆಲ್ಲ ಕಟ್ಟಿಸಿಕೊಂಡು ಹೋದ.

ಮಧ್ಯಾಹ್ನ ಹೀರಾಬಾಯಿಯ ಹಿಂದೆ ಹೆಣ್ಣಿನ ಅಪ್ಪ ಧರ್ಮಣ್ಣ ಹೊಸ್ತಿಲು ದಾಟಿದಾಗ ಚಂದಪ್ಪ ಎರಡು ಹೆಜ್ಜೆ ಹಿಂದೆ ಸರಿದ. ಅದೇ ಹಿರಿಯ, ಅದೇ ರುಮಾಲು. ಬೆಳಗ್ಗೆ ಮುಖದ ಮೇಲೆ ನೊರೆ ಇದ್ದುದರಿಂದ ತನ್ನ ಗುರುತು ಹತ್ತಲಿಕ್ಕಿಲ್ಲ ಎಂದು ಧೈರ್ಯ ತಂದುಕೊಂಡು ಕಾಲಿಗೆ ನಮಸ್ಕರಿಸಲು ಬಗ್ಗಿದ. ಬಗ್ಗಿದ್ದೇ ತಪ್ಪಾಯಿತು. ಧರ್ಮಣ್ಣನ ಕಣ್ಣು ನೇರ ಕೂದಲಿನ ಮೇಲೆ ಬಿತ್ತು.

"ನೀ ಮುಂಜಾನಿ ಕಟಿಂಗ್ ಅಂಗಡ್ಯಾಗ ಇದ್ದ ಹುಡುಗ ಅಲ್ಲೇನು? ಎಣ್ಣಿ ಹಚ್ಚಿ ಕೂದ್ಲ ಬರಿಸಿದಂವ?"

"ಎಣ್ಣಿ ಯಾಕ್ರಿ?" ನಿಂಬೆವ್ವ ಚುರುಮುರಿ ಸುಸಲಾದ ತಾಟು ಮುಂದಿಡುತ್ತ ನಕ್ಕಳು. "ನನ್ನ ಮಗನ ಕೂದ್ಲ ಹುಟ್ಟಿದಾಗಿಂದ ಹಿಂಗೇ ಅದಾವ್ರಿ."

"ಕೂಸಿದ್ದಾಗ ಜವಳ ತೆಗ್ಯೋ ದಿನ ಕತ್ತರಿ ಮುಕ್ಕಾಗಿತ್ರಿ ಅಣ್ಣಾ, ನಾನ ಕಣ್ಣಾರೆ ನೋಡೇನಿ!" ಎಂದಳು ಹೀರಾಬಾಯಿ.

ಧರ್ಮಣ್ಣ ಬಾಯಿಗೆ ಹೋಗುತ್ತಿದ್ದ ತುತ್ತನ್ನು ತಾಟಿಗೆ ಇಳಿಸಿದ. "ಹಂಗಾದ್ರ ಮುಂಜಾನಿ ಹೇಳಿದ್ದು ಸುಳ್ಳೇನು? ಆ ಮಾತು ನಂಬಿ ಅಫಜಲಪುರ, ಜೇವರ್ಗಿ ಎರಡೂ ಕಡಿ ಎಣ್ಣಿ ಮಾರಾಕ ಒಪ್ಕೊಂಡೇನಿ. ನನ್ನ ಕಿರಾಣಿ ಅಂಗಡಿಗೆ ಬೋರ್ಡ್ ಬರಿಯಾಕ ಹೇಳಿ ಬಂದೇನಿ. ಸುಳ್ಳ ಹೇಳೋ ಮನಷ್ಯಾಗ ನಾ ಹೆಣ್ಣು ಕೊಡಂಗಿಲ್ಲ!" ಎಂದವನೇ ಎದ್ದು ನಿಂತ.

ಈ ಸಂಬಂಧವೂ ತಪ್ಪಿಹೋದರೆ ತನಗೆ ಮದುವೆಯೇ ಇಲ್ಲ ಎಂದು ಚಂದಪ್ಪನಿಗೆ ದಿಗಿಲಾಯಿತು. "ಕುಂಡ್ರಿ ಮಾವಾರ," ಎಂದ. "ಅವ್ವ ಮರ್ಯಾದಿ ಸಲುವಾಗಿ ಮುಚ್ಚಿಡಾಕತ್ತಾಳ. ನಾ ಟಕಲಾನೇ ಇದ್ದೆ."

ನಿಂಬೆವ್ವ ಹಣೆ ಚಚ್ಚಿಕೊಂಡಳು. ತಾನು ತಂದ ಸಂಬಂಧ ಮುರಿಯುವುದು ಹೀರಾಬಾಯಿಗೆ ಸಹಿಸಲಾಗಲಿಲ್ಲ. "ಹೌದ್ರಿ ಅಣ್ಣಾ, ಪೂರಾ ಟಕಲಾ! ಈ ಮನ್ಯಾಗ ದೀಪ ಹಚ್ಚೋ ಗರಜೇ ಇರಲಿಲ್ಲ," ಎಂದುಬಿಟ್ಟಳು.

ಧರ್ಮಣ್ಣನ ಮುಖ ಅರಳಿತು. ಕೂತು ಸುಸಲಾ ಪೂರ್ತಿ ತಿಂದ. "ಸಂಬಂಧ ಪಕ್ಕಾ. ಆದ್ರ ಒಂದು ಮಾತು. ಬರೇ ಹೇಳಿದ್ರ ನಮ್ಮ ಕಡಿ ಮಂದಿ ನಂಬಂಗಿಲ್ಲ, ಕಣ್ಣಿಲೆ ಕಾಣಬೇಕು. ತೆಲಿ ಬೋಳಿಸ್ಕೊಂಡು ನನ್ನ ಅಂಗಡಿ ಮುಂದ ಕುಂಡ್ರು. ಎಣ್ಣಿ ಹಚ್ಚಿದಂಗ ಕೂದ್ಲ ಬೆಳ್ಯೋದು ಎಲ್ಲಾರೂ ನೋಡ್ಲಿ. ನಿಂಗೇನು, ಹಚ್ಚಿದ್ರ ಬಂದ ಬರ್ತಾವ."

ಚಂದಪ್ಪ ಎರಡೂ ಕೈಯಿಂದ ತಲೆ ಮುಚ್ಚಿಕೊಂಡ. ಅಷ್ಟರಲ್ಲಿ ಹೀರಾಬಾಯಿ ಬುರಾನುದ್ದೀನನನ್ನು ಕರೆತರಲು ಹೊರಟೇಹೋಗಿದ್ದಳು. ಅವನು ಬಂದು ಚಂದಪ್ಪನ ಕಣ್ಣು ತಪ್ಪಿಸುತ್ತಲೇ ಅಂಗಳದಲ್ಲಿ ಕತ್ತಿ ಆಡಿಸಿದ. ಹಣೆಯ ಸುರುಳಿ ಮಡಿಲಿಗೆ ಬಿದ್ದಾಗ ಚಂದಪ್ಪನಿಗೆ ಅಳುವೇ ಬಂತು. "ಇದೂ ಫುಕಟ್," ಎಂದು ಬುರಾನುದ್ದೀನ ಮೆಲ್ಲಗೆ ಹೇಳಿದ.

ಆಗಲೇ ಹೊರಟ ಅಫಜಲಪುರದ ಬಸ್ಸಿನಲ್ಲಿ ಪಕ್ಕದ ಮುದುಕಿ ಅವನ ಬೋಳುತಲೆ ನೋಡಿ ಮರುಗಿದಳು. "ಯಾರು ತೀರ್ಕೊಂಡ್ರಪ್ಪಾ?"

"ಶುಭಕಾರ್ಯ ಅದ," ಎಂದು ಧರ್ಮಣ್ಣನೇ ಉತ್ತರಿಸಿದ. ಮುದುಕಿ ಸೆರಗು ಎಳೆದುಕೊಂಡು ಆಚೆ ಸರಿದು ಕೂತಳು.

ಅಫಜಲಪುರ ಮುಟ್ಟಿದಾಗ ಸಂಜೆಯಾಗಿತ್ತು. ಅಂಗಡಿಯ ಮುಂದಿನ ಬೆಂಚಿನಲ್ಲಿ ಇಬ್ಬರೂ ಕೂತರು. ಸೆಕೆಗೆ ಧರ್ಮಣ್ಣ ರುಮಾಲು ತೆಗೆದಿಟ್ಟ. ಮಗಳು ಗಂಗಾಬಾಯಿ ಎರಡು ಕಪ್ಪು ಚಹಾ ಹಿಡಿದು ಓಡುತ್ತಲೇ ಬಂದಳು.

"ಅಪ್ಪಾ, ಹುಡುಗನ್ನ ನೋಡಿದೇನು? ಕೂದ್ಲ ಖರೇನ ಅದಾವೇನು?"

"ಇಂವನ ನೋಡವ್ವ ಹುಡುಗ," ಎಂದ ಧರ್ಮಣ್ಣ ಹೆಮ್ಮೆಯಿಂದ. "ಅಂತಾ ಕೂದ್ಲ ನಾ ಎಲ್ಲೂ ಕಂಡಿಲ್ಲ. ಮಧ್ಯಾಹ್ನದ ತನಕ ಇದ್ವು."

ಗಂಗಾಬಾಯಿ ಚಂದಪ್ಪನ ತಲೆ ನೋಡಿದಳು. ಅಪ್ಪನ ತಲೆ ನೋಡಿದಳು. ಒಂದು ಕಪ್ಪನ್ನು ಅಪ್ಪನ ಮುಂದಿಟ್ಟು, ಇನ್ನೊಂದನ್ನು ಒಳಗೆ ತೆಗೆದುಕೊಂಡು ಹೋದಳು.