ಪರಮಶಿವಯ್ಯನವರು ಪಂಕ್ತಿಯಿಂದ ಎದ್ದ ಪ್ರಸಂಗ

ಚಾಮರಾಜಪೇಟೆಯ ಪರಮಶಿವಯ್ಯನವರಿಗೆ ಜಗತ್ತಿನಲ್ಲಿ ಯಾರ ಮೇಲೂ ದ್ವೇಷವಿರಲಿಲ್ಲ, ಬೀಗರಾದ ವಿಶ್ವಾರಾಧ್ಯರ ಮೊಣಕಾಲುಗಳನ್ನು ಬಿಟ್ಟರೆ.

ಆದದ್ದಿಷ್ಟೆ. ಹೋದ ವರ್ಷ ಶ್ರಾವಣ ಸೋಮವಾರ, ಮಠದ ದಾಸೋಹದಲ್ಲಿ, ಇಬ್ಬರೂ ನೆಲದ ಪಂಕ್ತಿಯಲ್ಲಿ ಅಕ್ಕಪಕ್ಕ ಕೂತಿದ್ದರು. ಇಬ್ಬರಿಗೂ ಎಪ್ಪತ್ತು ದಾಟಿದೆ. ಊಟ ಮುಗಿದದ್ದೇ ವಿಶ್ವಾರಾಧ್ಯರು ಕೈಯೂರದೆ, ಬಾಣಲೆಯಿಂದ ಸಾಸಿವೆ ಸಿಡಿದ ಹಾಗೆ ಚಟ್ಟನೆ ಎದ್ದು ನಿಂತರು. ಪರಮಶಿವಯ್ಯನವರೂ ಎದ್ದರು, ಆದರೆ ಮನಸ್ಸಿನಲ್ಲಿ ಮಾತ್ರ; ದೇಹ ಎಲೆಯ ಮುಂದೆಯೇ ಉಳಿಯಿತು. ಕೊನೆಗೆ ಬಡಿಸುತ್ತಿದ್ದ ಇಬ್ಬರು ಸಾರಿನ ಬಕೆಟ್ಟು ಕೆಳಗಿಟ್ಟು, ಕಂಕುಳಿಗೆ ಕೈ ಹಾಕಿ, ಬಾವಿಗೆ ಬಿದ್ದ ಕೊಡ ಎತ್ತುವ ಹಾಗೆ ಅವರನ್ನು ಎತ್ತಿ ನಿಲ್ಲಿಸಿದರು. ಆಗ ಅವರ ಮಂಡಿ ಮಾಡಿದ ಸದ್ದಿಗೆ ಮಠದ ಪಾರಿವಾಳಗಳೆಲ್ಲ ಗವಿಪುರದ ಕಡೆ ಹಾರಿಹೋದವು, ಸಂಜೆಯವರೆಗೂ ವಾಪಸ್ ಬರಲಿಲ್ಲ. (ನಂಬದವರು ಪಾರಿವಾಳಗಳನ್ನೇ ಕೇಳಬಹುದು.)

ಈ ವರ್ಷ ಶ್ರಾವಣಕ್ಕೆ ಇನ್ನೂ ಎರಡು ತಿಂಗಳಿರುವಾಗಲೇ ಹೆಂಡತಿ ತ್ರಿಪುರಸುಂದರಮ್ಮ ಹುರುಳಿಕಾಯಿಯ ನಾರು ತೆಗೆಯುತ್ತ ತೀರ್ಪು ಕೊಟ್ಟರು.

"ರೀ, ಈ ಸಲ ದಾಸೋಹದಲ್ಲಿ ನೀವು ಟೇಬಲ್ ಸಾಲಲ್ಲಿ ಕೂತ್ಕೊಳ್ಳಿ."

"ಅದು ಮುದುಕರಿಗೆ ಕಣೇ."

"ನಿಮಗೇನು, ಇನ್ನೂ ನಾಮಕರಣ ಆಗ್ಬೇಕಾ?"

"ಬೀಗರು ನೆಲದ ಮೇಲೆ, ನಾನು ಕುರ್ಚಿ ಮೇಲೆ. ಸುಲ್ತಾನ್‌ಪೇಟೆಲಿ ನನ್ನ ಮರ್ಯಾದೆ ಏನಾಗ್ಬೇಕು? ನಲವತ್ತು ವರ್ಷ ಅಲ್ಲಿ ಲಗ್ನಪತ್ರಿಕೆ ಅಂಗಡಿ ನಡ್ಸಿದೀನಿ. ನಾನು ಕಾರ್ಡ್ ಮಾರ್ದೇ ಇದ್ದಿದ್ರೆ ಅರ್ಧ ಬೆಂಗ್ಳೂರಿಗೆ ಮದ್ವೇನೇ ಆಗ್ತಿರ್ಲಿಲ್ಲ."

"ಸರಿ, ನೆಲದ ಮೇಲೇ ಕೂತ್ಕೊಳ್ಳಿ. ಆದ್ರೆ ಈ ಸಲಾನೂ ಯಾರಾದ್ರೂ ಎತ್ತಿ ನಿಲ್ಲಿಸ್ಬೇಕಾಗಿ ಬಂದ್ರೆ, ಮುಂದೆ ಜೀವ ಇರೋವರ್ಗೂ ಟೇಬಲ್ಲೇ. ಮಾತು ಕೊಡಿ."

ಪರಮಶಿವಯ್ಯನವರು ಮಾತು ಕೊಟ್ಟರು. ಕೊಟ್ಟ ಮೇಲೆ ಭಯವಾಯಿತು.

ಮೊದಲು ಶತ್ರುವಿನ ಬಲಾಬಲ ತಿಳಿಯೋಣವೆಂದು ಬಸವನಗುಡಿಯ ಪಾರ್ಕಿಗೆ ಹೋಗಿ, ಮರದ ಮರೆಯಲ್ಲಿ ನಿಂತು, ವಿಶ್ವಾರಾಧ್ಯರು ಬಸ್ಕಿ ಹೊಡೆಯುವುದನ್ನು ನೋಡಿದರು. ಮನೆಗೆ ಬಂದು ತಾವೂ ಹೊಡೆದರು. ಒಂದೇ ಬಸ್ಕಿ. ಕೆಳಗೆ ಹೋದದ್ದು ಗೊತ್ತು, ಮೇಲೆ ಬಂದದ್ದು ಗೊತ್ತಿಲ್ಲ. ಕಣ್ಣು ಬಿಟ್ಟಾಗ ಫಿಸಿಯೋಥೆರಪಿ ಓದುತ್ತಿರುವ ಮೊಮ್ಮಗಳು ಶಿವರಂಜಿನಿ ಮಂಡಿಗೆ ಐಸ್ ಹಿಡಿದು ಕೂತಿದ್ದಳು.

"ತಾತ, ಅವರನ್ನ ಯಾಕೆ ನೋಡ್ತೀರಾ? ಅವರ ಮಂಡಿ ಬೇರೆ, ನಿಮ್ಮ ಮಂಡಿ ಬೇರೆ. ನಿನ್ನೆ ನೀವು ಹೇಗೆ ಎದ್ರಿ, ಇವತ್ತು ಹೇಗೆ ಎದ್ರಿ, ಅಷ್ಟು ಮಾತ್ರ ನೋಡ್ಕೊಳ್ಳಿ. ನಿಮಗೆ ಕಾಂಪಿಟೇಷನ್ನು ನೀವೇ."

"ನಾನೇನಾ? ಹಾಗಾದ್ರೆ ಗೆದ್ದೆ ಬಿಡು. ಆ ಮನುಷ್ಯನ್ನ ಚಿಕ್ಕಂದಿನಿಂದ ಬಲ್ಲೆ, ಮಹಾ ಸೋಮಾರಿ."

ಮಾರನೆಯ ದಿನದಿಂದ ತಾಲೀಮು ಶುರುವಾಯಿತು. ಬೆಳಿಗ್ಗೆ ಸ್ನಾನ, ಲಿಂಗಪೂಜೆ ಮುಗಿಸಿ, ತಿಂಡಿಗೆ ಮುಂಚೆ, ನಡುಮನೆಯಲ್ಲಿ ಚಾಪೆ ಹಾಸಿ ಕೂರುವುದು, ಏಳುವುದು. ಮೊದಮೊದಲು ಕಿಟಕಿಯ ಸರಳು ಹಿಡಿದು ಎದ್ದರು. ಆಮೇಲೆ ಸೋಫಾದ ಕೈ ಹಿಡಿದು. ಆಮೇಲೆ ಬರೀ ಗೋಡೆ. ಕೊನೆಗೊಂದು ದಿನ ಏನನ್ನೂ ಹಿಡಿಯದೆ, ತಮ್ಮ ಮಂಡಿಯ ಮೇಲೆ ತಾವೇ ಕೈಯಿಟ್ಟು, "ಶಿವಾ" ಎಂದು ಎದ್ದು ನಿಂತರು. ನಿನ್ನೆಯ ಪರಮಶಿವಯ್ಯ ಇನ್ನೂ ಗೋಡೆ ಸವರುತ್ತಿದ್ದ, ಇವತ್ತಿನವರು ಸ್ವತಂತ್ರರು.

ಇಷ್ಟಾದ ಮೇಲೆ ಮನುಷ್ಯ ಸುಮ್ಮನಿರುತ್ತಾನೆಯೆ? ಉಪದೇಶ ಆರಂಭವಾಯಿತು. ಕಾಫಿಪುಡಿ ಅಂಗಡಿಯವನಿಗೆ, "ನೀನು ಎದುರಂಗಡಿ ನೋಡ್ಬೇಡಪ್ಪ. ನಿನ್ನೆಗಿಂತ ಇವತ್ತು ಚಿಕೋರಿ ಕಮ್ಮಿ ಹಾಕಿದ್ಯಾ, ಅದನ್ನ ನೋಡ್ಕೋ" ಎಂದರು. ಅವನು ಅಂದಿನಿಂದ ಇವರನ್ನು ನೋಡುವುದನ್ನೇ ಬಿಟ್ಟ. ಮನೆಯಲ್ಲೂ ಅದೇ.

"ನೋಡು ತ್ರಿಪುರಾ, ನಿನ್ನ ಸಾರನ್ನ ಪಕ್ಕದ್ಮನೆ ಗಿರಿಜಾಂಬಾ ಸಾರಿಗೆ ನಾನು ಹೋಲಿಸಲ್ಲ. ನಿನ್ನೆ ನೀನು ಮಾಡಿದ್ಯಲ್ಲ, ಅದಕ್ಕೇ ಹೋಲಿಸ್ತೀನಿ."

"ಹೋಲಿಸಿ?"

"ನಿನ್ನೇದೇ ಗೆಲ್ತು."

ಅಂದು ರಾತ್ರಿ ಅವರಿಗೆ ನಿನ್ನೆಯ ಸಾರನ್ನೇ ಬಡಿಸಲಾಯಿತು. ಮರುದಿನವೂ.

ಅಂತೂ ದಾಸೋಹದ ಸೋಮವಾರ ಬಂತು. ಮಠದ ಬಾಗಿಲಲ್ಲೇ ವಿಶ್ವಾರಾಧ್ಯರು ಕೈಮುಗಿದರು.

"ಶರಣು ಬೀಗ್ರೇ. ಟೇಬಲ್ ಆ ಕಡೆ ಹಾಕಿದಾರೆ."

"ಶರಣು. ನಾನೀಗ ನಿಮ್ಮನ್ನ ನೋಡೋದು ಬಿಟ್ಬಿಟ್ಟಿದೀನಿ ಬೀಗ್ರೇ," ಎಂದು ಹೇಳಿ ಪರಮಶಿವಯ್ಯನವರು ಅವರ ಪಕ್ಕದಲ್ಲೇ ಚಕ್ಕಳಮಕ್ಕಳ ಹಾಕಿ ಕೂತರು.

ಆ ಮಠದಲ್ಲೊಂದು ಕಟ್ಟುನಿಟ್ಟು: ಎಲೆಗೆ ಬಿದ್ದದ್ದೆಲ್ಲ ಪ್ರಸಾದ, ಒಂದು ಅಗುಳನ್ನೂ ಬಿಡುವಂತಿಲ್ಲ. ಬಡಿಸುವುದರ ಮೇಲ್ವಿಚಾರಣೆ ಪ್ರಭುದೇವ ಎಂಬ ಧಾರಾಳ ಮನುಷ್ಯನದು; ಬೇಡ ಎಂದು ಕೈ ಅಡ್ಡ ಹಿಡಿದರೆ ಕೈಯ ಮೇಲೇ ಹೋಳಿಗೆ ಇಡುವ ಪೈಕಿ. ಪರಮಶಿವಯ್ಯನವರು ಕೈ ಅಡ್ಡ ಹಿಡಿಯಲೂ ಇಲ್ಲ. ಹೋಳಿಗೆ, ಅದರ ಮೇಲೆ ತುಪ್ಪ, ಪಾಯಸ, ಚಿತ್ರಾನ್ನ, ಅನ್ನ, ಸಾರು, ಮತ್ತೆ ಹೋಳಿಗೆ, ಮಜ್ಜಿಗೆ. ಊಟ ಮುಗಿಯಿತು. ಪಂಕ್ತಿ ಪೂರ್ತಿ ಎದ್ದಿತು.

ಪರಮಶಿವಯ್ಯನವರು ಮಂಡಿಯ ಮೇಲೆ ಕೈಯಿಟ್ಟು "ಶಿವಾ" ಎಂದರು. ಏನೂ ಆಗಲಿಲ್ಲ. ಇನ್ನೊಮ್ಮೆ ಜೋರಾಗಿ ಕರೆದರು. ದೂರದಿಂದ ಶಿವು ಎಂಬ ಯಾರೋ ತಿರುಗಿ ನೋಡಿದರು, ಅಷ್ಟೆ. ಆಗ ಅವರಿಗೆ ಸತ್ಯ ಹೊಳೆಯಿತು: ತಾಲೀಮೆಲ್ಲ ನಡೆದದ್ದು ಖಾಲಿ ಹೊಟ್ಟೆಯಲ್ಲಿ. ದಿನಾ ಏಳುತ್ತಿದ್ದದ್ದು ಪರಮಶಿವಯ್ಯ ಒಬ್ಬರೇ. ಇವತ್ತು ಏಳಬೇಕಾದದ್ದು ಪರಮಶಿವಯ್ಯ ಮತ್ತು ಒಂದು ಇಡೀ ದಾಸೋಹ.

ಮೆಲ್ಲನೆ ಪಕ್ಕಕ್ಕೆ ನೋಡಿದರು. ವಿಶ್ವಾರಾಧ್ಯರೂ ಕೂತೇ ಇದ್ದರು. ಫ್ಯಾನನ್ನು ಭಕ್ತಿಯಿಂದ ದಿಟ್ಟಿಸುತ್ತಿದ್ದರು.

"ಏಳಲ್ವಾ ಬೀಗ್ರೇ?"

"ನೀವು ಏಳಿ. ನೀವು ಗಂಡಿನ ಕಡೆಯೋರು."

"ಹೆಣ್ಣು ಕೊಟ್ಟೋರು ನೀವು, ನೀವೇ ಮೊದ್ಲು."

ಸ್ವಲ್ಪ ಹೊತ್ತು ಇಬ್ಬರೂ ಮರ್ಯಾದೆ ಮಾಡಿಕೊಂಡು ಕೂತರು.

"ಅಲ್ಲ, ಹೋದ್ವರ್ಷ ಹಾರಿ ನಿಂತಿದ್ರಲ್ಲ?"

"ಹೋದ್ವರ್ಷ ಶುಗರ್ ಅಂತ ಮಗಳು ಹಂಸಾ ಪಕ್ಕದಲ್ಲೇ ಕಾವಲು ನಿಂತಿದ್ಲು. ಎರಡು ತುತ್ತು ಅನ್ನ ತಿಂದಿದ್ದೆ ಬೀಗ್ರೇ. ಈ ಸಲ ನಿಮ್ಮ ಸೊಸೇನ ಬಡಿಸೋಕೆ ಕಳ್ಸಿದಾರೆ, ಹೆಂಗಸರ ಕಡೆ."

ಅಷ್ಟರಲ್ಲಿ ನೆಲ ಒರೆಸಿ, ಎರಡನೇ ಪಂಕ್ತಿಯವರು ಬಂದು ಕೂತರು. ಪ್ರಭುದೇವ ಇವರಿಬ್ಬರನ್ನೂ ನೋಡಿ ಕಣ್ಣರಳಿಸಿದ.

"ಎರಡನೇ ಪಂಕ್ತಿಗೂ ಕೂತ್ರಾ? ಭಕ್ತಿ ಅಂದ್ರೆ ಇದು. ಏಯ್, ಇಲ್ಲಿಗೆರಡು ಎಲೆ ಹಾಕ್ರಪ್ಪ."

ಏಳಲಾಗುತ್ತಿಲ್ಲ ಎನ್ನಲು ಬಾಯಿ ಬರಲಿಲ್ಲ. ಎಲೆ ಬಿತ್ತು. ಎಲೆಯ ಮೇಲೆ ಪ್ರಸಾದ ಬಿತ್ತು. ಪ್ರಸಾದ ಬಿಡುವಂತಿಲ್ಲ. ಬೀಗರಿಬ್ಬರೂ ಒಬ್ಬರ ಮುಖ ಒಬ್ಬರು ನೋಡದೆ ಹೋಳಿಗೆ ಮುರಿದರು.

ಎರಡನೇ ಪಂಕ್ತಿಯೂ ಎದ್ದ ಮೇಲೆ ವಿಷಯ ಬಯಲಾಯಿತು. ಟೇಬಲ್ ಸಾಲಿನಲ್ಲಿದ್ದ, ತೊಂಬತ್ತಕ್ಕೆ ಹತ್ತಿರದ ಗುರುಬಸಮ್ಮನವರು ತಾವು ಎದ್ದು ನಿಂತು, "ಪಾಪ, ನನ್ನ ಕುರ್ಚಿ ತಗೊಂಡ್ ಹೋಗ್ರಪ್ಪ" ಎಂದರು. ಪ್ರಭುದೇವ ಸೇರಿ ನಾಲ್ಕು ಜನ ಸೊಂಟ ಕಟ್ಟಿ ನಿಂತು, ಮೊದಲು ಪರಮಶಿವಯ್ಯನವರೊಬ್ಬರನ್ನು ಎತ್ತಿ ಆ ಕುರ್ಚಿಯಲ್ಲಿ ಕೂರಿಸಿದರು. ಮಠದ ಪಾರಿವಾಳಗಳು ಅನುಭವಸ್ಥರು. ಈ ಸಲ ಸದ್ದಾಗುವ ಮೊದಲೇ ಗವಿಪುರಕ್ಕೆ ಹೊರಟಿದ್ದವು.

ಕುರ್ಚಿಯ ಮೇಲೆ ಏದುಸಿರು ಬಿಡುತ್ತಿದ್ದ ಗಂಡನ ಮುಂದೆ ತ್ರಿಪುರಸುಂದರಮ್ಮ ಬಂದು ನಿಂತರು. ಪರಮಶಿವಯ್ಯನವರು ಬಾಯಿ ತೆರೆಯುವ ಶಕ್ತಿ ಬಂದೊಡನೆ ಹೇಳಿದರು:

"ನೋಡು, ಬೀಗರೂ ಏಳ್ಲಿಲ್ಲ."

"ಬೀಗರ ಮಾತು ನಮಗ್ಯಾಕ್ರೀ? ನಿಮ್ಮನ್ನ ನಿಮಗೇ ಹೋಲಿಸ್ಬೇಕು ತಾನೆ?" ಎಂದು ತ್ರಿಪುರಸುಂದರಮ್ಮ ಸೆರಗಿನಿಂದ ಅವರ ಹಣೆ ಒರೆಸಿದರು. "ಹೋದ್ವರ್ಷ ಎತ್ತೋಕೆ ಇಬ್ರು ಸಾಕಾಗಿದ್ರು. ಈ ವರ್ಷ ನಾಲ್ಕು ಜನ. ಒಳ್ಳೆ ಪ್ರಗತಿ."